ಸತ್ತವರ ಟೋಪಿಗೊಂದು ಸ್ಟ್ಯಾಂಡು

ನಮ್ಮ ಸೋದರಮಾವ ಬದುಕಿರುವವರಿಗೆ ಯಾವತ್ತೂ ಟೋಪಿ ಹಾಕಿದವರಲ್ಲ. ಸತ್ತವರ ಟೋಪಿಯನ್ನು ಮಾತ್ರ ಬಿಟ್ಟವರಲ್ಲ. ಚಾಮರಾಜಪೇಟೆಯಿಂದ ಬಸವನಗುಡಿಯವರೆಗೆ ಪರಿಚಯದ ಹಿರಿಯರು ಯಾರೇ ತೀರಿಕೊಳ್ಳಲಿ, ವೈಕುಂಠ ಸಮಾರಾಧನೆಯ ದಿನ ಮಾವ ಹಾಜರು. ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು, ಮನೆಯವರನ್ನು ಪಕ್ಕಕ್ಕೆ ಕರೆದು ಮೆತ್ತಗೆ ಕೇಳುತ್ತಾರೆ: “ಅವರ ಟೋಪಿ ಏನ್ಮಾಡ್ತೀರಿ?”

ಯಾರೂ ಬೇಸರ ಮಾಡಿಕೊಂಡದ್ದಿಲ್ಲ ಎನ್ನುವುದೇ ಸೋಜಿಗ. ನೀವೇ ಯೋಚಿಸಿ. ಸತ್ತವರ ಪಂಚೆ, ಶರ್ಟು ಆಶ್ರಮಕ್ಕೆ ಹೋಗುತ್ತವೆ. ವಾಚು ಮಗನಿಗೆ, ಕನ್ನಡಕ ಡ್ರಾಯರಿಗೆ. ಟೋಪಿಯನ್ನು ಯಾರು ಹಾಕಿಕೊಳ್ಳುತ್ತಾರೆ? ಎಸೆಯುವುದಕ್ಕೂ ಕೈ ಬರುವುದಿಲ್ಲ. ಮಾವ ಕೇಳಿದರೆ ಮನೆಯವರಿಗೆ ತಲೆಭಾರ ಇಳಿದಂತಾಗುತ್ತಿತ್ತು.

ಈ ಹುಚ್ಚು ಯಾಕೆಂದು ಒಮ್ಮೆ ಕೇಳಿದ್ದೆ. ಮಾವ ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆಯುವ ಸಣ್ಣ ಸ್ಟುಡಿಯೋ ಇಟ್ಟುಕೊಂಡಿದ್ದವರು. ಆಯುಷ್ಯವಿಡೀ ಬಂದವರಿಗೆಲ್ಲ “ಟೋಪಿ ತೆಗೀರಿ ಸ್ವಾಮಿ” ಎಂದು ಹೇಳುವುದೇ ಕೆಲಸ. “ತೆಗೆದ ತಕ್ಷಣ ಮನುಷ್ಯ ಬೇರೆ ಯಾರೋ ಆಗ್ಬಿಡ್ತಿದ್ದ ಕಣೇ ಪುಟ್ಟಿ,” ಎಂದರು. “ಫೋಟೋದಲ್ಲಿ ಬರ್ತಿದ್ದಿದ್ದು ಆ ಬೇರೆಯವನೇ. ನಿಜವಾದೋನು ಟೋಪಿ ಜೊತೆ ತೊಡೆ ಮೇಲೆ ಇರ್ತಿದ್ದ.” ಅಂದಿನಿಂದ ನನ್ನ ಆಧಾರ್ ಕಾರ್ಡ್ ನೋಡಿದಾಗಲೆಲ್ಲ ಒಂಥರಾ ಆಗುತ್ತದೆ.

ಪಾರ್ಕಿನ ವಾಕಿಂಗ್ ಗೆಳೆಯರಿಗೆ ಈ ಸಂಗತಿ ಗೊತ್ತಾದ ಮೇಲೆ ಮಾವನ ಮಾತಿಗೆ ಬೇರೆಯೇ ತೂಕ ಬಂತು. ಒಂದು ದಿನ ಹಿರಿಯರೊಬ್ಬರ ಕ್ಯಾಪನ್ನು ಮುಟ್ಟಿ ನೋಡಿ “ಒಳ್ಳೇ ಬಟ್ಟೆ” ಎಂದರಂತೆ, ಅಷ್ಟೇ. ಆತ ಅಲ್ಲಿಂದ ಮನೆಗೆ ಹೋಗದೆ ನೇರ ಇಸಿಜಿ ಮಾಡಿಸಲು ಹೋದರು. ಆಮೇಲೆ ಮಾವ ಗೇಟು ದಾಟಿ ಒಳಗೆ ಬಂದರೆ ಸಾಕು, ಬೆಂಚಿನ ಮೇಲಿನ ತಲೆಗಳೆಲ್ಲ ಬರಿದಾಗುತ್ತಿದ್ದವು.

ಮನೆಯ ಸ್ಥಿತಿ ಇನ್ನೂ ಚೆಂದ. ನಡುಮನೆಯ ಗೋಡೆಗೆ ಮೊಳೆ ಹೊಡೆದು ಟೋಪಿ ತೂಗುಹಾಕಿದ್ದರು. ಗಾಂಧಿ ಟೋಪಿ, ಉಣ್ಣೆಯ ಮಂಕಿ ಕ್ಯಾಪು, ಕರಿ ಟೋಪಿ, ಒಂದು ಫೆಲ್ಟ್ ಹ್ಯಾಟು. ತೂಗುಹಾಕಿದ್ದರಲ್ಲಿ ತಪ್ಪೇನಿಲ್ಲ. ಆದರೆ ಒಂದೊಂದು ಮೊಳೆಯನ್ನೂ ಆ ಟೋಪಿಯವರು ಎಷ್ಟು ಎತ್ತರವಿದ್ದರೋ ಅಷ್ಟು ಎತ್ತರಕ್ಕೇ ಹೊಡೆದಿದ್ದರು! ಒಂದು ಮುಸ್ಸಂಜೆ ಸಿಲಿಂಡರ್ ತಂದವನು ಬೆಲ್ ಒತ್ತಿ ಒತ್ತಿ ಸಾಕಾಗಿ ಕಿಟಕಿಯಿಂದ ಇಣುಕಿದ. ಹಿತ್ತಿಲಲ್ಲಿದ್ದ ಅತ್ತೆ ಕೊನೆಗೆ ಬಂದು ಬಾಗಿಲು ತೆಗೆದಾಗ ಅವನ ಮುಖ ಬಿಳುಚಿತ್ತು. “ಅಷ್ಟು ಜನ ಗೋಡೆ ಕಡೆ ತಿರುಗಿ ನಿಂತವ್ರೆ, ಒಬ್ಬರೂ ತಿರುಗಿ ನೋಡ್ಲಿಲ್ಲ ಕಣಮ್ಮಾ.”

ಮರುದಿನ ಅತ್ತೆ ನನಗೆ ಫೋನ್ ಮಾಡಿದರು. “ನಿಮ್ಮ ಮಾವನ್ನ ಕರ್ಕೊಂಡೋಗಿ ಅದೆಂಥದೋ ಸ್ಟ್ಯಾಂಡು ಕೊಡ್ಸು. ಇಲ್ಲಾ ಅವ್ರಿರ್ಬೇಕು, ಇಲ್ಲಾ ನಾನಿರ್ಬೇಕು.”

“ಯಾರು, ಮಾವನಾ?”

“ಮಾವ ಅಲ್ಲ ಕಣೇ. ಅವ್ರು, ಗೋಡೆಯವರು.”

ನಗರ್ತಪೇಟೆಯಲ್ಲಿ ಅಂಗಡಿಗಳಿಗೆ ಬೇಕಾದ ರ‍್ಯಾಕು, ಗೂಟ, ಗೊಂಬೆ ಮಾರುವ ಒಬ್ಬರಿದ್ದಾರೆ. ಅವರು ಮೊದಲು ಗೂಟದ ಸ್ಟ್ಯಾಂಡ್ ತೋರಿಸಿದರು. ಮಾವ ಬೇಡವೆಂದು ತಲೆಯಾಡಿಸಿದರು. “ಗೂಟಕ್ಕೆ ಹಾಕಿದ್ರೆ ನೆತ್ತಿ ಚೂಪಾಗತ್ತೆ. ಅವರ ನೆತ್ತಿ ಹಂಗಿರಲಿಲ್ಲ.” ಒಂದರೊಳಗೊಂದು ಪೇರಿಸಿಡುವ ಉದ್ದನೆಯ ಚೀಲ ಬಂತು. “ಗಾಂಧಿ ಟೋಪಿಯವ್ರಿಗೂ ಹ್ಯಾಟಿನವ್ರಿಗೂ ಕೋರ್ಟಲ್ಲಿ ಕೇಸಿತ್ತು. ಒಬ್ರ ಮೇಲೊಬ್ರು ಹೆಂಗ್ರೀ ಕೂರ್ತಾರೆ?” ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬ ಕಂಡಾಗ ಮಾವನಿಗೆ ನಿಜಕ್ಕೂ ಸಿಟ್ಟು ಬಂತು. “ಉಸಿರು ಕಟ್ಟಲ್ವಾ?”

ಅಂಗಡಿಯವರು ನನ್ನ ಮುಖ ನೋಡಿದರು. ನಾನು ಸೀಲಿಂಗ್ ನೋಡಿದೆ.

“ಸಾರ್, ನಿಮಗೆ ಬೇಕಾಗಿರೋದು ಸ್ಟ್ಯಾಂಡ್ ಅಲ್ಲ,” ಎಂದು ಅವರು ಒಳಗೆ ಹೋಗಿ, ಥರ್ಮೋಕೋಲಿನ ಒಂದು ತಲೆ ತಂದಿಟ್ಟರು. ಬಿಳಿ ತಲೆ. ಮೂಗಿನ ಉಬ್ಬು ಇದೆ, ಕಣ್ಣಿಲ್ಲ, ಬಾಯಿಲ್ಲ. ಮಾವ ಅದರ ಕೆನ್ನೆಯನ್ನು ಬಹಳ ಹೊತ್ತು ಸವರಿ, “ಎಲ್ಲರಿಗೂ ಒಂದೊಂದು ಕೊಡಿ” ಎಂದರು.

ಆಟೋದಲ್ಲಿ ನಮ್ಮಿಬ್ಬರ ನಡುವೆ, ಕಾಲ ಬಳಿ, ಮಡಿಲಲ್ಲಿ ತಲೆಗಳು. ಡ್ರೈವರ್ ಕನ್ನಡಿಯಲ್ಲಿ ನೋಡುತ್ತ ನೋಡುತ್ತ ಕೊನೆಗೆ ಗಾಡಿ ನಿಲ್ಲಿಸಿಬಿಟ್ಟ. “ಮೇಡಂ, ಆ ಮಧ್ಯದವ್ರನ್ನ ಸ್ವಲ್ಪ ಆ ಕಡೆ ತಿರುಗಿಸ್ತೀರಾ? ಗಾಡಿ ಓಡ್ಸಕ್ಕಾಗ್ತಿಲ್ಲ.”

ಕಬ್ಬಿಣದ ರ‍್ಯಾಕಿನಲ್ಲಿ ತಲೆಗಳನ್ನು ಸಾಲಾಗಿ ಬೀದಿ ಬಾಗಿಲ ಕಡೆ ಮುಖ ಮಾಡಿ ಕೂರಿಸಿದೆವು. ಮರುದಿನ ಬೆಳಿಗ್ಗೆ ಅತ್ತೆ ಕಾಫಿ ಸೋಸಿಕೊಂಡು ತಿರುಗಿದರೆ ಅಷ್ಟೂ ತಲೆಗಳು ಅಡುಗೆಮನೆಯ ಕಡೆ ನೋಡುತ್ತಿದ್ದವಂತೆ. ಮಾವ ದೇವರಾಣೆ ತಾವು ಮುಟ್ಟಿಲ್ಲವೆಂದರು. ವಿದ್ಯಾವಂತೆಯಾದ ನಾನು ಅಲ್ಲಿಗೇ ಹೋಗಿ ವಿವರಿಸಿದೆ: ಈಗ ನೆಲದಡಿ ಮೆಟ್ರೋ ಓಡುತ್ತದೆ, ನೆಲ ಅದುರುತ್ತದೆ, ಥರ್ಮೋಕೋಲಿಗೆ ತೂಕವಿಲ್ಲ, ತಿರುಗುತ್ತದೆ.

“ಎಲ್ಲಾ ಒಂದೇ ಕಡೆಗಾ?” ಎಂದರು ಅತ್ತೆ.

ಪರೀಕ್ಷಿಸಲೆಂದು ನಾನೇ ಎಲ್ಲರನ್ನೂ ಮತ್ತೆ ಬಾಗಿಲ ಕಡೆ ತಿರುಗಿಸಿ ಹೊರಟೆ. ಗೇಟಿನ ಬಳಿ ಚಪ್ಪಲಿ ಮೆಟ್ಟುವಾಗ, ನೋಡಬಾರದು ಅಂದುಕೊಂಡೇ ತಿರುಗಿ ನೋಡಿದೆ. ನಾನು ಇಟ್ಟಂತೆಯೇ ಇದ್ದರು, ನನ್ನನ್ನೇ ನೋಡುತ್ತ. ಅದನ್ನು ಕಂಡು ಇನ್ನೂ ಭಯವಾಯಿತು.

ಮುಂದಿನ ಭಾನುವಾರ ನಾನು ಅಲ್ಲಿದ್ದಾಗ ಒಬ್ಬ ವಯಸ್ಸಾದ ಹೆಂಗಸು ಕೋಲೂರಿಕೊಂಡು ಬಂದರು. ವಿಶ್ವೇಶ್ವರಪುರಂನವರು. ಅವರ ಯಜಮಾನರ ಮಂಕಿ ಕ್ಯಾಪನ್ನು ಮಾವ ಹೋದ ವರ್ಷ ತಂದಿದ್ದರು. “ವಾಪಸ್ ಕೇಳೋಕೆ ಬಂದಿಲ್ಲಪ್ಪ,” ಎಂದರು. “ಒಂದ್ಸಲ ನೋಡ್ಬೇಕು ಅನ್ನಿಸ್ತು.”

ನಡುಮನೆಗೆ ಬಂದವರು ಆ ಸಾಲನ್ನು ನೋಡಿ ಹೆದರಲಿಲ್ಲ. ಮೂಲೆಯ ತಲೆಯ ಮುಂದೆ ಹೋಗಿ ನಿಂತರು. ಕ್ಯಾಪು ಸ್ವಲ್ಪ ಮೇಲೆ ಸರಿದಿತ್ತು. ಎರಡೂ ಕೈಯಿಂದ ಅದನ್ನು ಕೆಳಗೆಳೆದು, ಕಿವಿ ಇರಬೇಕಾದ ಜಾಗ ಮುಚ್ಚಿ, ಗಲ್ಲದ ಕೆಳಗಿನ ಗುಂಡಿ ಹಾಕಿದರು. “ಕಿವಿಗೆ ಗಾಳಿ ಹೋದ್ರೆ ಇಡೀ ದಿನ ತಲೆನೋವು ಅಂತಿದ್ರು,” ಎಂದರು, ಯಾರಿಗೂ ಅಲ್ಲದಂತೆ.

ಅತ್ತೆ ಕುರ್ಚಿ ಎಳೆದು ಕೊಟ್ಟರು. ಒಳಗೆ ಹೋಗಿ ಕಾಫಿ ತಂದರು, ಎರಡು ಲೋಟ. ಒಂದನ್ನು ಆಕೆಯ ಕೈಗೆ ಕೊಟ್ಟರು. ಇನ್ನೊಂದನ್ನು ರ‍್ಯಾಕಿನ ಮೇಲೆ, ಆ ತಲೆಯ ಎದುರಿಗೆ ಇಟ್ಟರು. ಆಮೇಲೆ ಮಾವನಿಗೂ ನನಗೂ ಕಣ್ಸನ್ನೆ ಮಾಡಿ ಅಡುಗೆಮನೆಗೆ ಕರೆದುಕೊಂಡು ಬಂದು ಬಾಗಿಲು ಮುಂದೆ ಮಾಡಿದರು.

ಆಕೆಯ ದನಿ ಸಣ್ಣಗೆ ಕೇಳುತ್ತಿತ್ತು. ಮೊಮ್ಮಗಳಿಗೆ ಹಲ್ಲು ಬಂದದ್ದು, ಮಹಡಿಯ ಬಾಡಿಗೆಯವರು ಖಾಲಿ ಮಾಡಿದ್ದು, ಮಂಡಿ ನೋವು. ನಡುನಡುವೆ ಸುಮ್ಮನಾಗುತ್ತಿದ್ದರು, ಎದುರಿನವರು ಮಾತಾಡುವಷ್ಟು ಹೊತ್ತು. ಮಾವ ಮುಖ ಒರೆಸಿಕೊಂಡರು.

ಅತ್ತೆ ಒಲೆಯ ಮುಂದೆ ನಿಂತು ಏನೋ ಯೋಚಿಸುತ್ತಿದ್ದರು. ಕೊನೆಗೆ ಪಿಸುದನಿಯಲ್ಲಿ, “ಅವ್ರ ಯಜಮಾನ್ರಿಗೆ ಸಕ್ಕರೆ ಹಾಕ್ಬೇಕೋ ಬೇಡ್ವೋ, ಕೇಳ್ಲೇ ಇಲ್ವಲ್ಲೇ” ಎಂದರು.