ರೇಂಜ್ ಸಾಲದ ಮಾತುಕತೆ

ಹಿರೇಕೊಡಿಗೆಯಲ್ಲಿ ಮೊದಲು ಮೊಬೈಲ್ ಕೊಂಡ ಮೇಷ್ಟ್ರು ನಾನೇ ಎಂಬ ಚಾರಿತ್ರಿಕ ಸತ್ಯವನ್ನು ನಮ್ಮ ಮನೆಯಲ್ಲಿ ಈಗ ಯಾರೂ ನೆನಪಿಸಿಕೊಳ್ಳುವುದಿಲ್ಲ. ಕೊಂಡ ಮೇಲೆ ಏನಾಯಿತು ಎಂಬುದನ್ನು ಮಾತ್ರ ಹಬ್ಬಕ್ಕೊಮ್ಮೆ, ನೆಂಟರೆಲ್ಲ ಸೇರಿದ ಹೊತ್ತು ನೋಡಿ, ವಿಸ್ತಾರವಾಗಿ ನೆನಪಿಸಿಕೊಳ್ಳುತ್ತಾರೆ. ಅವರು ಹೇಳುವ ರೀತಿಯಲ್ಲಿ ನನಗೆ ನ್ಯಾಯ ಸಿಗುವುದಿಲ್ಲ. ಆದ್ದರಿಂದ ನಾನೇ ಹೇಳುತ್ತೇನೆ.

ಅದು ಎರಡು ಸಾವಿರದ ಐದನೇ ಇಸವಿ. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಮನೆಯಲ್ಲಿ ಮೂರು ಜನ: ನಾನು, ನನ್ನ ಹೆಂಡತಿ ತ್ರಿಪುರಸುಂದರಿ (ಹೆಸರಿನಲ್ಲಿ ಮೂರು ಪುರಗಳಿದ್ದರೂ ಆಡಳಿತವೆಲ್ಲ ನನ್ನೊಬ್ಬನ ಮೇಲೆ), ಮತ್ತು ಅವಳ ತಮ್ಮ ರವಿಶಂಕರ. ರವಿಗೆ ಕೊಪ್ಪದಲ್ಲಿ ಫೋಟೋ ಸ್ಟುಡಿಯೋ ಇತ್ತು. ಮುನ್ನೂರಕ್ಕೂ ಹೆಚ್ಚು ಮದುವೆಗೆ ಫೋಟೋ ತೆಗೆದಿದ್ದ. "ಮದುಮಗ ಸ್ವಲ್ಪ ನಗಬೇಕು" ಎಂದು ಮುನ್ನೂರು ಜನರಿಗೆ ಹೇಳಿದವನಿಗೆ ತಾನು ಹಾಗೆ ನಗುವ ಯೋಗ ಮೂವತ್ತನಾಲ್ಕಾದರೂ ಬಂದಿರಲಿಲ್ಲ.

ಆ ವರ್ಷ ಶೃಂಗೇರಿಯಲ್ಲಿ ಒಂದು ಸಂಬಂಧ ಕೂಡಿ ಬರುವ ಹಾಗೆ ಕಂಡಿತು. ಹುಡುಗಿಯ ಹೆಸರು ಸುಪ್ರೀತಾ, ಎಸ್‌ಟಿಡಿ ಬೂತ್ ನೋಡಿಕೊಳ್ಳುತ್ತಿದ್ದಳು. ಅವಳ ತಂದೆ ವಿದ್ಯಾಶಂಕರ ಅದೇ ಬೀದಿಯ ಶರೀಫ್ ಸಾಹೇಬರ ಬಟ್ಟೆ ಅಂಗಡಿಯಲ್ಲಿ ಮೂವತ್ತು ವರ್ಷದಿಂದ ಸೀರೆ ಬಿಡಿಸಿ ತೋರಿಸುತ್ತಿದ್ದವರು. ನಾವು ಹೋಗಿ ಹುಡುಗಿ ನೋಡಿ ಬಂದೆವು. ರವಿ ಒಪ್ಪಿದ. ಹುಡುಗಿಯೂ ಒಪ್ಪಿದಳು ಎಂದು ಕೇಳಿದ ಮೇಲೆ ಅವನು ಒಂದು ವಾರ ಎಲ್ಲರ ಫೋಟೋವನ್ನೂ ಸೊಟ್ಟಗೆ ತೆಗೆದನಂತೆ. ಉಳಿದದ್ದು ಹಿರಿಯರ ಮಾತುಕತೆ. ಅಷ್ಟರಲ್ಲಿ ಮರ ಬಿದ್ದು ತಂತಿ ಕಡಿದು ನಮ್ಮ ಮನೆಯ ಫೋನು ಸತ್ತಿತು. ನಾನು ಕೊಪ್ಪಕ್ಕೆ ಹೋಗಿ ಮೊಬೈಲ್ ತಂದೆ.

ತಂದ ಮೇಲೆ ತಿಳಿಯಿತು, ನಮ್ಮ ಮನೆಯೊಳಗೆ ರೇಂಜ್ ಇಲ್ಲ. ಅಂಗಳದಲ್ಲಿಲ್ಲ, ಅಟ್ಟದಲ್ಲಿಲ್ಲ. ಫೋನನ್ನು ಆರತಿಯ ಹಾಗೆ ಎತ್ತಿ ಹಿಡಿದು ಇಡೀ ಊರು ಸುತ್ತಿದಾಗ ಒಂದೇ ಒಂದು ಕಡೆ ಎರಡು ಗೆರೆ ಮೂಡಿದವು: ಪಕ್ಕದ ಮನೆ ಪುಟ್ಟಕ್ಕನ ಗೊಬ್ಬರಗುಂಡಿಯ ದಂಡೆ.

ಅಲ್ಲಿಯವರೆಗೆ ನಮ್ಮ ಊರಿಗೆ ರೇಂಜ್ ಎಂದರೆ ಅರಣ್ಯ ಇಲಾಖೆಯ ರೇಂಜ್ ಆಫೀಸು ಒಂದೇ. ಮಾತ್ರೆ ಕಂಪೆನಿಯ ಹುಡುಗನೊಬ್ಬ ಬಂದು, "ಇಲ್ಲಿ ರೇಂಜ್ ಎಲ್ಲಿ ಸಿಗುತ್ತೆ ಸಾರ್?" ಎಂದು ಫಾರೆಸ್ಟ್ ಗಾರ್ಡ್ ಜಟ್ಟಪ್ಪನನ್ನು ಕೇಳಿದನಂತೆ. ಜಟ್ಟಪ್ಪ ಅವನನ್ನು ಸೀದಾ ಆಫೀಸಿಗೆ ಕರೆದುಕೊಂಡು ಹೋಗಿ ಕೂರಿಸಿ, "ಎಂತ ಮರ ಕಡೀಬೇಕಿತ್ತು?" ಎಂದು ವಿಚಾರಿಸಿದನಂತೆ. ಆರು ತಿಂಗಳೊಳಗೆ ಊರಿಗೆ ಇನ್ನೂ ಏಳೆಂಟು ಮೊಬೈಲ್ ಬಂದವು. ಆಮೇಲೆ ರೇಂಜ್ ಎಂದರೆ ಪುಟ್ಟಕ್ಕನ ಗೊಬ್ಬರಗುಂಡಿ ಎಂದೇ ಆಯಿತು. "ರೇಂಜಿಗೆ ಹೋಗಿ ಬರ್ತೆ" ಎಂದು ಜನ ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಡುತ್ತಿದ್ದರು. ಪುಟ್ಟಕ್ಕ ಕೊಟ್ಟಿಗೆ ಬಾಗಿಲಲ್ಲಿ ಕೂತು ಎಲೆಯಡಿಕೆ ಹಾಕುತ್ತ ಎಲ್ಲರ ಮನೆಯ ಸುದ್ದಿಯನ್ನೂ ಪುಕ್ಕಟೆ ಕೇಳುತ್ತಿದ್ದಳು. ಎಷ್ಟು ಚೆನ್ನಾಗಿತ್ತು ಆ ಕಾಲ! ಗುಟ್ಟು ಮಾತಾಡಲು ಹೋದರೂ ಮೂರು ಜನರ ಸುಖದುಃಖ ವಿಚಾರಿಸಿ ಬರಬೇಕಾಗುತ್ತಿತ್ತು.

ಅದೆಲ್ಲ ಆಮೇಲಿನ ಮಾತು. ನಾನು ಮೊಬೈಲ್ ತಂದ ಹೊಸದರಲ್ಲೇ, ಒಂದು ಭಾನುವಾರ ಬೆಳಿಗ್ಗೆ ಹತ್ತಕ್ಕೆ ಫೋನ್ ಮಾಡುತ್ತೇನೆಂದು ವಿದ್ಯಾಶಂಕರರು ಹೇಳಿ ಕಳಿಸಿದ್ದರು. ಒಂಬತ್ತೂವರೆಗೇ ನಾನು ಇಸ್ತ್ರಿ ಅಂಗಿ ಹಾಕಿಕೊಂಡು ದಂಡೆ ಹತ್ತಿ ನಿಂತೆ.

"ಎಂತ ಮೇಷ್ಟ್ರೇ, ಗೊಬ್ಬರಕ್ಕೆ ಇಷ್ಟು ಸಿಂಗಾರ?" ಎಂದಳು ಪುಟ್ಟಕ್ಕ.

"ರವಿ ಮದುವೆ ಮಾತು ಪುಟ್ಟಕ್ಕ."

"ಹಂಗಾದ್ರೆ ಎಡಗಡೆ ಸರ್ಕೊಳ್ಳಿ. ಬಲಗಡೆ ನಿತ್ರೆ ಕಡಿದು ಹೋಗ್ತದೆ."

ಫೋನು ಹೊಡೆದುಕೊಂಡಿತು. "ನಮಸ್ಕಾರ ಮೇಷ್ಟ್ರೇ" ಎಂಬುದೊಂದು ಸ್ಪಷ್ಟವಾಗಿ ಕೇಳಿಸಿತು. ಆಮೇಲೆ ಕರ್ರ್ ಎಂದು ಶುರುವಾಯಿತು, ಬಾಣಲೆಯಲ್ಲಿ ಹಪ್ಪಳ ಬಿಟ್ಟ ಹಾಗೆ. ನಾನು ಎಡಕ್ಕೆ ಸರಿದೆ, ಬಗ್ಗಿದೆ, ತುದಿಗಾಲಲ್ಲಿ ನಿಂತೆ. ಅವರು ಏನೋ ನಿಧಾನವಾಗಿ, ಬಹಳ ಹೊತ್ತು ಹೇಳುತ್ತಿದ್ದರು. ಒಂದಕ್ಷರ ತಿಳಿಯಲಿಲ್ಲ. ಕೊನೆಗೆ ನಾನು ಗಟ್ಟಿಯಾಗಿ ಕಿರುಚಿದೆ:

"ರೇಂಜ್ ಸಾಲಲ್ಲ ಮಾರಾಯ್ರೇ! ಹಿಂಗಾದ್ರೆ ಮಾತು ಮುಂದುವರಿಸೋದು ಕಷ್ಟ! ರೇಂಜ್ ಇರೋ ಕಡೆ ನೋಡ್ಕೊಂಡು ಮಾತಾಡ್ತೀವಿ!"

ಫೋನ್ ಕಡಿಯಿತು. ಅವರೇ ಮತ್ತೆ ಮಾಡುತ್ತಾರೆಂದು ಹನ್ನೆರಡರವರೆಗೆ ನಿಂತೆ. ಮಾಡಲಿಲ್ಲ. ಮರುದಿನವೂ ಮಾಡಲಿಲ್ಲ. ವಾರ ಎರಡಾಯಿತು. ಕೊಪ್ಪದಿಂದ ನಾನೇ ಎರಡು ಸಲ ಬೂತಿಗೆ ಫೋನ್ ಮಾಡಿದೆ. ಎರಡು ಸಲವೂ ಮಗಳ ಬದಲು ವಿದ್ಯಾಶಂಕರರೇ ಎತ್ತಿ, "ಮೇಷ್ಟ್ರಿಗೆ ತೊಂದರೆ ಬೇಡ" ಎಂದು ಇಟ್ಟುಬಿಟ್ಟರು.

ರವಿ ಸಂಜೆ ಬಂದು ಜಗಲಿಯಲ್ಲಿ ಕೂತು, ಮೊದಲೇ ಫಳಫಳ ಹೊಳೆಯುತ್ತಿದ್ದ ಕ್ಯಾಮೆರಾ ಲೆನ್ಸನ್ನು ಮತ್ತೆ ಮತ್ತೆ ಒರೆಸುತ್ತಿದ್ದ. ಅದನ್ನು ನೋಡಿ ನನ್ನ ಹೆಂಡತಿಗೆ ತಡೆಯಲಾಗಲಿಲ್ಲ.

"ರೀ, ನಿಜ ಹೇಳಿ. ಫೋನಲ್ಲಿ ನೀವು ಎಂತ ಹೇಳಿದ್ದು?"

"ಏನೂ ಹೇಳಿಲ್ಲ ಸುಂದರಿ. ರೇಂಜ್ ಇಲ್ಲ ಅಂದೆ, ಅಷ್ಟೇ."

"ನೀವು ಅಷ್ಟೇ ಅಂದಲ್ಲೆಲ್ಲ ಇನ್ನೇನೋ ಇರ್ತದೆ. ನಾಳೆ ಶೃಂಗೇರಿಗೆ ಹೋಗಾಣ. ರವೀ, ನೀನೂ ಹೊರಡು."

ಮರುದಿನ ಬೆಳಗಿನ ಬಸ್ಸಿಗೆ ಹೋದೆವು. ಬಸ್ಸಿಳಿದ ಮೇಲೆ ರವಿ, "ನಾನು ಒಂದು ಫೋನ್ ಮಾಡಿ ಬರ್ತೆ ಭಾವ" ಎಂದು ಎತ್ತಲೋ ಹೋದ. ನಾವಿಬ್ಬರೂ ಬಟ್ಟೆ ಅಂಗಡಿ ಹೊಕ್ಕೆವು. ವಿದ್ಯಾಶಂಕರರು ನಮ್ಮನ್ನು ನೋಡಿದರು. ಗುರುತೇ ಇಲ್ಲದವರ ಹಾಗೆ, ಗಿರಾಕಿಗಳಿಗೆ ಹಾಸುವ ಚಾಪೆ ತೋರಿಸಿದರು.

"ಬನ್ನಿ, ಕೂತ್ಕೊಳ್ಳಿ. ಯಾವ ರೇಂಜಲ್ಲಿ ತೋರಿಸ್ಲಿ?"

"ಸೀರೆಗೆ ಬಂದಿದ್ದಲ್ಲ, ಮಾತಾಡ್ಲಿಕ್ಕೆ ಬಂದ್ವಿ" ಎಂದಳು ಸುಂದರಿ.

"ಮಾತಾಡ್ಲಿಕ್ಕೆ ನಮ್ಮ ರೇಂಜ್ ಸಾಲೋದಿಲ್ಲಂತಲ್ಲ ತಾಯಿ. ನಿಮ್ಮ ಯಜಮಾನ್ರೇ ಹೇಳಿದಾರೆ. ರೇಂಜ್ ಇರೋ ಕಡೆ ನೋಡ್ತೀರಂತೆ. ನೋಡಿ, ಒಳ್ಳೇದಾಗ್ಲಿ."

ಸುಂದರಿ ನನ್ನ ಕಡೆ ತಿರುಗಿದಳು. ಆ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ. ನನಗೆ ಮಾತ್ರ ಆಗ ತಲೆಯೊಳಗೆ ದೀಪ ಹತ್ತಿತು. ಮೂವತ್ತು ವರ್ಷದಿಂದ ದಿನಕ್ಕೆ ನೂರು ಸಲ "ಯಾವ ರೇಂಜಲ್ಲಿ" ಎಂದು ಕೇಳುವ ಮನುಷ್ಯ! ಅವರಿಗೆ ಇನ್ನೂರರ ಸೀರೆ ಒಂದು ರೇಂಜ್, ಎರಡು ಸಾವಿರದ್ದು ಒಂದು ರೇಂಜ್. ತಪ್ಪು ತಿಳುವಳಿಕೆ ಭಾಷೆಯದು, ಭಾಷೆ ನನ್ನ ಕ್ಷೇತ್ರ. ನಾನು ಗಂಟಲು ಸರಿಮಾಡಿಕೊಂಡೆ.

"ನೋಡಿ, ರೇಂಜ್ ಅನ್ನೋ ಪದಕ್ಕೆ ಇಂಗ್ಲಿಷಲ್ಲಿ ನಾನಾ ಅರ್ಥ ಇದಾವೆ. ಬೆಟ್ಟದ ಸಾಲಿಗೂ ರೇಂಜ್ ಅಂತಾರೆ. ಕೋವಿ ಗುಂಡು ಎಷ್ಟು ದೂರ ಹೋಗ್ತದೋ ಅದೂ ರೇಂಜ್. ದನ ಮೇಯೋ ಬಯಲಿಗೂ ರೇಂಜ್ ಅಂತಲೇ ಹೇಳೋದು..."

"ಅಂದ್ರೆ ಈಗ ನಾವು ದನ ಮೇಯೋ ಬಯಲೋ?"

"ಅಲ್ಲಲ್ಲ! ಅಡುಗೆ ಒಲೆಗೂ ರೇಂಜ್..."

"ರೀ," ಎಂದಳು ಸುಂದರಿ, "ನಿಮ್ಮ ಒಲೆ ಆರಿಸ್ತೀರಾ?"

ಗಲ್ಲಾದಲ್ಲಿದ್ದ ಶರೀಫ್ ಸಾಹೇಬರು ಅಳತೆ ಟೇಪು ಕೆಳಗಿಟ್ಟು ಕೇಳುತ್ತಿದ್ದರು. ಸೀರೆ ಕೊಳ್ಳಲು ಬಂದ ಇಬ್ಬರು ಹೆಂಗಸರೂ ಸೀರೆ ಬಿಟ್ಟರು. ಅಷ್ಟರಲ್ಲಿ ಬಾಗಿಲಲ್ಲಿ ಸುಪ್ರೀತಾ ಬಂದು ನಿಂತಳು.

"ಅಪ್ಪಯ್ಯ, ರವಿಯವ್ರು ಅರ್ಧ ಗಂಟೆಯಿಂದ ನಮ್ಮ ಬೂತಲ್ಲಿ ರಿಸೀವರ್ ಹಿಡ್ಕೊಂಡು ನಿಂತಿದಾರೆ. ಒಂದು ನಂಬರೂ ಒತ್ತಿಲ್ಲ. ಎಂತ ಆಯ್ತು ಅಂತ ನಾನೇ ಕೇಳ್ದೆ. ಅವ್ರು ಬ್ಯಾಡ ಅಂದ್ರು ಅಂತ ನೀವು ಹೇಳಿದ್ರಿ. ನೀವು ಬ್ಯಾಡ ಅಂದ್ರಿ ಅಂತ ಅವ್ರು ತಿಳ್ಕೊಂಡಿದಾರೆ."

"ಮೇಷ್ಟ್ರು ರೇಂಜ್ ಸಾಲಲ್ಲ ಅಂದ್ರಮ್ಮ."

ಸುಪ್ರೀತಾ ನಕ್ಕುಬಿಟ್ಟಳು. "ಅಯ್ಯೋ ಅಪ್ಪಯ್ಯ! ಅದು ಫೋನ್ ಸರಿ ಕೇಳ್ತಿಲ್ಲ ಅಂತ. ಬೂತಲ್ಲಿ ದಿನಕ್ಕೆ ಐವತ್ತು ಜನ ಅದನ್ನೇ ಕಿರುಚ್ತಾರೆ. ಮೊಬೈಲಿಗೆ ಮಾಡಿದ್ರೆ ಅಷ್ಟೇ ಹಣೆಬರಹ."

ನಾನು ಅರ್ಧ ಗಂಟೆಯ ಪಾಠದಲ್ಲಿ ತಲುಪಿಸಲಾರದ್ದನ್ನು ಅವಳು ಒಂದೇ ಉಸಿರಿಗೆ ಮುಗಿಸಿದಳು.

ವಿದ್ಯಾಶಂಕರರು ಕೈಯಲ್ಲಿದ್ದ ಸೀರೆಯನ್ನು ಮಡಿಚಿದರು. ಮಡಿಚಿದ್ದನ್ನು ಬಿಚ್ಚಿ ಮತ್ತೆ ಮಡಿಚಿದರು.

"ಅವತ್ತು ನಾನು ಹೇಳಿದ್ದು ನಿಮಗೆ ಏನೂ ಕೇಳಿಸ್ಲೇ ಇಲ್ವಾ?"

"ನಮಸ್ಕಾರ ಅಂದದ್ದು ಕೇಳಿಸ್ತು."

"ನಮ್ಮ ಕೈಲಿ ದೊಡ್ಡ ಛತ್ರ ಎಲ್ಲ ಆಗೋದಿಲ್ಲ, ಮನೆ ಮುಂದೆ ಚಪ್ಪರ ಹಾಕಿ ನೂರು ಜನಕ್ಕೆ ಊಟ ಹಾಕ್ತೇನೆ, ನಿಮಗೆ ಒಪ್ಪಿಗೆಯಾ ಅಂತ ಕೇಳಿದ್ದೆ. ನಾಲ್ಕು ದಿನ ಕಲಿತುಕೊಂಡಿದ್ದೆ ಅದನ್ನ. ನೀವು ಹಾಗಂದ ಮೇಲೆ ಎರಡು ದಿನ ಗಂಟಲಲ್ಲಿ ಅನ್ನ ಇಳೀಲಿಲ್ಲ ಮಾರಾಯ್ರೇ."

ನಿಘಂಟಿನಲ್ಲಿದ್ದ ಅಷ್ಟೂ ಅರ್ಥ ಗೊತ್ತಿದ್ದ ನನಗೆ ಈ ಒಂದು ಅರ್ಥ ಹೊಳೆದಿರಲಿಲ್ಲ. ಸುಂದರಿಯೇ ಮುಂದೆ ಬಂದಳು. "ನೂರು ಜನ ಯಾಕೆ? ಐವತ್ತು ಸಾಕು. ಚಪ್ಪರಕ್ಕೆ ನಮ್ಮ ಮನೆಯಿಂದ ಅಡಿಕೆ ಸೋಗೆ ತರ್ತೇವೆ. ನಮಗೆ ನಿಮ್ಮ ಮಗಳು ಬೇಕು, ಛತ್ರ ಅಲ್ಲ."

ಶರೀಫ್ ಸಾಹೇಬರು ಎದುರಿನ ಹೋಟೆಲಿಗೆ, "ಐದು ಕಾಫಿ!" ಎಂದು ಕೂಗಿದರು. ರವಿಯನ್ನು ಕರೆಯಲು ಸುಪ್ರೀತಾ ಹೋದಳು. ಕಾಫಿ ಆರಿದರೂ ಇಬ್ಬರೂ ಬರಲಿಲ್ಲ.

ನಾನು ಧೈರ್ಯ ತಂದುಕೊಂಡು, "ಹಾಗಾದ್ರೆ ಉಳಿದದ್ದನ್ನ ಈ ಭಾನುವಾರ ಫೋನಲ್ಲಿ..." ಎಂದೆ.

"ಬ್ಯಾಡ!" ಎಂದು ವಿದ್ಯಾಶಂಕರರೂ ನನ್ನ ಹೆಂಡತಿಯೂ ಒಟ್ಟಿಗೇ ಕೂಗಿದರು. ಎರಡು ಮನೆಯವರ ಮೊದಲ ಒಮ್ಮತದ ತೀರ್ಮಾನ ಅದು. ಆಮೇಲೆ ವಿದ್ಯಾಶಂಕರರು ಕೈಮುಗಿದು ಹೇಳಿದರು, "ಮೇಷ್ಟ್ರೇ, ತಪ್ಪು ತಿಳೀಬೇಡಿ. ಇನ್ನು ಮಾತುಕತೆಯೆಲ್ಲ ನಾನು ಈ ತಾಯಿ ಹತ್ರವೇ ಆಡ್ತೇನೆ."

ಮಾರ್ಗಶಿರದಲ್ಲಿ ಚಪ್ಪರದಡಿ ಮದುವೆ ಆಯಿತು. ಐವತ್ತು ಅಂದದ್ದು ಇನ್ನೂರಾಯಿತು, ಪುಟ್ಟಕ್ಕನೂ ಬಂದಳು. ಲಗ್ನಪತ್ರಿಕೆ ಬರೆಸಿದ್ದು ಸುಂದರಿ, ಅಡುಗೆಯವರಿಗೆ ಹೇಳಿದ್ದು ಸುಂದರಿ, ಬೀಗರನ್ನು ಮಾತಾಡಿಸಿದ್ದೂ ಅವಳೇ. ಎರಡೂ ಕಡೆಯವರು ಸೇರಿ ಯೋಚಿಸಿ ನನಗೂ ಒಂದು ಜವಾಬ್ದಾರಿ ಕೊಟ್ಟರು. ಚಪ್ಪರದ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಪಾನಕ ಕೊಡುವುದು. ಬೆಲ್ಲ, ನಿಂಬೆ, ಏಲಕ್ಕಿ ಹಾಕಿದ ಒಳ್ಳೆಯ ಪಾನಕ. ಬೆಳಗಿನಿಂದ ಮಧ್ಯಾಹ್ನದವರೆಗೆ ಕೊಟ್ಟೆ. ಇನ್ನೊಂದು ಲೋಟ ಕೇಳಿದವರಿಗೂ ಬರೀ ತಲೆಯಾಡಿಸಿ ಬಗ್ಗಿಸಿದೆ. ಊಟಕ್ಕೆ ಕೂತಾಗ ಸಿರಿಮನೆಯಿಂದ ಬಂದಿದ್ದ ವಯಸ್ಸಾದವರೊಬ್ಬರು ಪಕ್ಕದವರಿಗೆ ಪಿಸುಗುಟ್ಟಿದ್ದು ನನಗೂ ಕೇಳಿಸಿತು:

"ಆ ಪಾನಕ ಕೊಡ್ತಿದ್ದವ್ರು ಭಾಳ ಒಳ್ಳೆ ಮನುಷ್ಯ ಮಾರಾಯ. ಪಾಪ, ಮಾತು ಬರೋದಿಲ್ಲ."