ಸೀಮೆಎಣ್ಣೆ ಡಬ್ಬದೊಳಗೊಬ್ಬ ಮಹಾರಾಜ

ಮಾನ ಕಳ್ಕೊಳ್ಳೋಕೆ ಬೇರೆಯವರು ಏನಾದ್ರೂ ಕಷ್ಟಪಡಬೇಕು. ನಾನು ನಾಟಕದ ಕಂಪನಿ ಸೇರಿಕೊಂಡೆ, ಅಷ್ಟೇ. ಆಮೇಲೆ ಅದು ಕ್ಯಾಂಪಿನಿಂದ ಕ್ಯಾಂಪಿಗೆ ತಾನಾಗೇ ಹೋಗ್ತಾ ಬಂತು. ಗುಬ್ಬಿಯಲ್ಲಿ ಸ್ವಲ್ಪ ಹೋಯ್ತು, ತುಮಕೂರಿನಲ್ಲಿ ಇನ್ನೊಂದಿಷ್ಟು ಹೋಯ್ತು, ಉಳಿದಿದ್ದನ್ನ ಕುಣಿಗಲ್ಲಿನಲ್ಲಿ ಪೂರ್ತಿ ಬಿಟ್ಟು ಬಂದೆ.

ಪಾರ್ಟು ಸಿಕ್ಕಿದ್ದು

ನಾನು ಕಂಪನಿ ಸೇರಿದ್ದು ಒಂದೇ ಆಸೆಗೆ. ಜನ ನನ್ನ ಮುಖ ನೋಡಬೇಕು, ಬೀದೀಲಿ ಹೋದ್ರೆ "ಅಗೋ, ಅವರೇ" ಅನ್ನಬೇಕು. ಮುಖಾನೂ ಅಷ್ಟೇನು ಕೆಟ್ಟದಾಗಿರಲಿಲ್ಲ. ಅರ್ಜುನನ ಪಾರ್ಟು ಸಿಗುತ್ತೆ ಅಂತ ಒಂದು ವರ್ಷ ಭಟರ ಸಾಲಿನಲ್ಲಿ ಈಟಿ ಹಿಡ್ಕೊಂಡು ನಿಂತೆ.

ಅಷ್ಟರಲ್ಲಿ ರಷ್ಯದವರು ಒಂದು ನಾಯೀನ ಆಕಾಶಕ್ಕೆ ಕಳಿಸಿದ್ರು. ಗುಬ್ಬಿ ಸಂತೇಲೂ ಅದೇ ಮಾತು. ನಮ್ಮ ಯಜಮಾನರು, ಅಂದ್ರೆ ಕಂಪನಿ ಮಾಲೀಕರು, ಆ ಸುದ್ದಿ ಓದಿಸಿಕೊಂಡು ಕೇಳಿ, "ಇನ್ನು ರಾಮಾಯಣ ಸಾಕು, ಮಂಗಳ ಗ್ರಹದ ನಾಟಕ ಆಡೋಣ" ಅಂದ್ರು. ಕಥೆ ಹೊಸದೇನಲ್ಲ. ಮಂಗಳ ಗ್ರಹದ ಮಹಾರಾಜ ಭೂಲೋಕದ ರಾಜಕುಮಾರೀನ ಹೊತ್ಕೊಂಡು ಹೋಗ್ತಾನೆ, ಭೂಲೋಕದ ಹೀರೋ ವಿಮಾನದಲ್ಲಿ ಹೋಗಿ ಅವನನ್ನ ಕೊಲ್ತಾನೆ. ಲಂಕೇನ ಸ್ವಲ್ಪ ಮೇಲಕ್ಕೆ ಎತ್ತಿ ಕಟ್ಟಿದ್ರು.

"ಮಹಾರಾಜನ ಪಾರ್ಟು ನಿಂದೇ ಕಣೋ. ಕಂಠ ಇದೆ ನಿಂಗೆ" ಅಂದ್ರು ಯಜಮಾನರು. ನಾನು ಹೋಟ್ಲಲ್ಲಿ ಎಲ್ಲರಿಗೂ ಮೈಸೂರುಪಾಕು ಕೊಡಿಸಿದೆ.

ಮಾರನೇ ದಿನ ತಗಡಿನ ಕೆಲಸದವನು ಒಂದು ಸೀಮೆಎಣ್ಣೆ ಡಬ್ಬ ತಂದ. ಕಣ್ಣಿಗೆ ಎರಡು ತೂತು, ಬಾಯಿಗೆ ಒಂದು ಆಲಿಕೆ, ನೆತ್ತಿ ಮೇಲೆ ಟಾರ್ಚಿನ ಬಲ್ಬು. ತಲೆಗೆ ಹಾಕಿ ನೋಡಿದ್ರೆ ಒಳಗೆಲ್ಲ ಸೀಮೆಎಣ್ಣೆ ವಾಸನೆ.

"ಯಜಮಾನ್ರೇ, ಇದರಲ್ಲಿ ನನ್ನ ಮುಖ ಎಲ್ಲಿ ಕಾಣುತ್ತೆ?"

"ಮಂಗಳ ಗ್ರಹದವರಿಗೆ ಮುಖ ಇರುತ್ತೆ ಅಂತ ನಿಂಗ್ಯಾರೋ ಹೇಳಿದ್ದು?" ಅಂದ್ರು.

ತುಮಕೂರಿನಲ್ಲಿ ಸತ್ತಿದ್ದು

ನಾಟಕ ಹತ್ತಿಕೊಂಡಿತು. ತುಮಕೂರಿನಲ್ಲಿ ಟೆಂಟು ತುಂಬಿ, ಜನ ಆಚೆ ಗಾಡಿಗಳ ಮೇಲೆ ಹತ್ತಿ ನಿಂತು ನೋಡ್ತಿದ್ರು. ಕಂಪನಿ ನಾಟಕದಲ್ಲಿ ಒಂದು ಪದ್ಧತಿ ಇತ್ತು. ಜನಕ್ಕೆ ಹಾಡು ಹಿಡಿಸಿದ್ರೆ "ಒನ್ಸ್ ಮೋರ್" ಅಂತ ಕೂಗ್ತಾರೆ, ನಟ ಮತ್ತೆ ಹಾಡಬೇಕು. ನನ್ನ ಗ್ರಹಚಾರಕ್ಕೆ ನಾಟಕದಲ್ಲಿ ನನಗಿದ್ದ ಒಂದೇ ಹಾಡು ಸಾಯೋ ಹಾಡು.

ಹೀರೋ ಗದೆಯಿಂದ ಡಬ್ಬಕ್ಕೆ ಹೊಡೀತಾನೆ, ನಾನು ಹಾಡ್ತಾ ಹಾಡ್ತಾ ಪ್ರಾಣ ಬಿಡ್ತೀನಿ. ಜನ "ಒನ್ಸ್ ಮೋರ್!" ಸೈಡ್‌ವಿಂಗಿನಿಂದ ಯಜಮಾನರು ಕಣ್ಸನ್ನೆ ಮಾಡ್ತಾರೆ. ಸತ್ತವನು ಎದ್ದು ನಿಂತ್ಕೋತೀನಿ, ಹೀರೋ ಮತ್ತೆ ಹೊಡೀತಾನೆ. ಚಪ್ಪಾಳೆ ಬಿದ್ದಷ್ಟೂ ಆ ಪುಣ್ಯಾತ್ಮನ ಕೈಗೆ ಜೋರು ಬರೋದು. ಡಬ್ಬದ ಒಳಗಿದ್ದವನ ಕಿವಿ ಏನಾಯ್ತು ಅಂತ ಯಾರು ಕೇಳ್ತಾರೆ? ಒಂದು ಸಲ ತಲೆ ತಿರುಗಿ ಹಾಡು ಶುರುವಾಗೋಕೆ ಮುಂಚೇನೇ ಬಿದ್ದೆ. ಮುಂದಿನ ಚಾಪೆಯಿಂದ ಒಬ್ಬ ಎದ್ದು ನಿಂತು ಕೂಗಿದ:

"ಲೇ, ಸರಿಯಾಗಿ ಸಾಯ್ಲಾ! ದುಡ್ಡು ಕೊಟ್ಟಿದೀವಿ!"

ಅವತ್ತೇ ಒಬ್ಬರು ಜವಳಿ ಅಂಗಡಿ ಸಾಹುಕಾರರು ಸ್ಟೇಜಿಗೆ ಬಂದು, "ಇಷ್ಟು ಚೆನ್ನಾಗಿ ಸತ್ತೋರನ್ನ ನಾನು ನೋಡೇ ಇಲ್ಲ" ಅಂತ ಬೆಳ್ಳಿ ಪದಕ ತೆಗೆದ್ರು. ನನ್ನ ಎದೆ ಉಬ್ಬಿತು. ಆದ್ರೆ ಎದೆಗೂ ತಗಡೇ ಕಟ್ಟಿದ್ರಲ್ವಾ? ಪಿನ್ನು ಚುಚ್ಚಿದ್ರು, ಚುಚ್ಚಿಕೊಳ್ಳಲಿಲ್ಲ. ಒತ್ತಿದ್ರು, ಬಗ್ಗಿಹೋಯ್ತು. ಜನ ನಗೋಕೆ ಶುರು ಮಾಡಿದ್ರು. ಸಾಹುಕಾರರಿಗೆ ಅವಮಾನ ಆದಂಗಾಗಿ, ಪಕ್ಕದಲ್ಲೇ ರೇಷ್ಮೆ ಜುಬ್ಬ ಹಾಕ್ಕೊಂಡಿದ್ದ ಹೀರೋಗೆ ಅದನ್ನ ಚುಚ್ಚಿ ಇಳಿದುಹೋದ್ರು. ನನ್ನನ್ನ ಕೊಂದಿದ್ದಕ್ಕೆ ಅವನಿಗೆ ಪದಕ.

ಹೆಬ್ಬೂರಿನ ಹೆಣ್ಣು

ನಮ್ಮ ಸೋದರಮಾವ ನನ್ನನ್ನ ಹೆಬ್ಬೂರಿಗೆ ಹೆಣ್ಣು ನೋಡೋಕೆ ಕರ್ಕೊಂಡು ಹೋದ್ರು. ಹುಡುಗಿ ಲಕ್ಷಣವಾಗಿದ್ಲು. ಒಂದು ಸಲ ತಲೆ ಎತ್ತಿ ನನ್ನನ್ನ ನೋಡಿದ್ಲು ಕೂಡ. ನನ್ನ ಮುಖಾನ ಅಷ್ಟು ಹೊತ್ತು ಯಾರೂ ನೋಡಿರಲಿಲ್ಲ.

"ಹುಡುಗ ಕಂಪನೀಲಿ ಏನ್ ಪಾರ್ಟು ಮಾಡ್ತಾನೆ?" ಅಂದ್ರು ಹುಡುಗಿ ಅಪ್ಪ.

ಮಾವ ಮೀಸೆ ತಿರುವಿ, "ಮಂಗಳ ಗ್ರಹ ಅಂದ್ರೆ ಇವನೇ ಕಣ್ರೀ!" ಅಂದುಬಿಟ್ಟರು.

ಮೂಲೇಲಿ ಕೂತಿದ್ದ ಅಜ್ಜಿ ಎಲೆಅಡಿಕೆ ಕುಟ್ಟೋದು ನಿಲ್ಲಿಸಿದ್ರು. "ಅಲ್ಲ ಕಣ್ರಪ್ಪ, ಹುಡುಗನ ಜಾತಕದಾಗೆ ಕುಜ ಇದ್ರೆ ಶಾಂತಿ ಮಾಡುಸ್ಬೋದು. ಹುಡುಗನೇ ಕುಜ ಆದ್ರೆ ಏನ್ ಮಾಡ್ಸೋದು?" ಅಂದ್ರು. ಸಂಬಂಧ ಅಲ್ಲಿಗೇ ಮುರೀತು.

ಇಲ್ಲಿಗೆ ಮುಗಿದಿದ್ರೆ ನುಂಗಿಕೊಳ್ತಿದ್ದೆ. ಸ್ವಲ್ಪ ದಿನಕ್ಕೆ ಅದೇ ಅಜ್ಜಿ ಅದೇ ಮೊಮ್ಮಗಳನ್ನ ಕರ್ಕೊಂಡು ಬಸ್ಸು ಹತ್ತಿ ತುಮಕೂರಿನ ಟೆಂಟಿಗೇ ಬಂದ್ರು. ಕುಜದೋಷ ಇದ್ದಿದ್ದು ಹುಡುಗಿ ಜಾತಕದಲ್ಲೇ ಅಂತೆ! ನಾಟಕ ಮುಗಿದಿತ್ತು, ನಾನು ಡಬ್ಬ ಬಿಚ್ಚಿಟ್ಟು ಟವಲಿನಲ್ಲಿ ಬೆವರು ಒರೆಸಿಕೊಳ್ತಾ ಪಕ್ಕದಲ್ಲೇ ನಿಂತಿದ್ದೆ. ಅಜ್ಜಿ ಡಬ್ಬಕ್ಕೆ ಕೆಂಪು ಬಟ್ಟೆ ಹೊದಿಸಿ, ತೊಗರಿ ಇಟ್ಟು, ಕುಂಕುಮ ಹಚ್ಚಿ ಕೈ ಮುಗಿದ್ರು. "ಅಪ್ಪಾ ಮಂಗಳಸ್ವಾಮಿ, ಈ ಮಗೀಗೆ ಒಂದು ಒಳ್ಳೆ ಗಂಡು ಕೊಡಪ್ಪ."

ನಾನು ಮುಂದೆ ಬಂದು ಹಲ್ಲು ಕಿರಿದೆ. ಈಗಲಾದ್ರೂ ಗುರುತು ಹಿಡೀಲಿ ಅಂತ.

"ಸ್ವಲ್ಪ ಅತ್ಲಾಗೆ ನಿಂತ್ಕೊಳಪ್ಪ," ಅಂದ್ರು ಅಜ್ಜಿ, "ದೇವ್ರು ಕಾಣ್ತಿಲ್ಲ."

ಕುಣಿಗಲ್ಲಿನ ಸನ್ಮಾನ

ಕುಣಿಗಲ್ ಕ್ಯಾಂಪಿಗೆ ಬರೋ ಹೊತ್ತಿಗೆ ನನಗೆ ಸಾಕುಸಾಕಾಗಿತ್ತು. ಯಜಮಾನರ ಮುಂದೆ ನಿಂತು ಹೇಳೇಬಿಟ್ಟೆ: "ಒಂದೇ ಒಂದು ದಿನ ಜನ ನನ್ನ ಮುಖ ನೋಡಬೇಕು. ಇಲ್ದಿದ್ರೆ ನಿಮ್ಮ ಡಬ್ಬ ನೀವೇ ಹಾಕ್ಕೊಳ್ಳಿ. ನಾನು ಊರಿಗೆ ಹೋಗ್ತೀನಿ."

ಯಜಮಾನರು ಬೆಚ್ಚಿಬಿದ್ರು. ಆ ಡಬ್ಬದಲ್ಲಿ ಉಸಿರಾಡೋದನ್ನ ಬೇರೆ ಯಾರೂ ಕಲ್ತಿರಲಿಲ್ಲ. "ಆಯ್ತು ಕಣೋ, ನಿಂಗೆ ಸನ್ಮಾನಾನೇ ಇಟ್ಕೊಳ್ಳೋಣ" ಅಂದ್ರು. ಜಟಕಾ ಗಾಡೀಲಿ ತಮಟೆ ಹೊಡೆದು "ಮಂಗಳ ಮಹಾರಾಜರಿಗೆ ಸನ್ಮಾನ" ಅಂತ ಊರೆಲ್ಲ ಸಾರಿದ್ರು.

ಅವತ್ತು ಕ್ಷೌರ ಮಾಡಿಸಿಕೊಂಡೆ. ಮೇಕಪ್ಪಿನವನ ಕೈಕಾಲು ಹಿಡಿದು ಮುಖಕ್ಕೆ ಬಣ್ಣ ಹಚ್ಚಿಸಿಕೊಂಡೆ. ನಾಟಕದ ಮಧ್ಯೆ ಬಿಡುವಿನಲ್ಲಿ ಪರದೆ ಎದ್ದಿತು. ಲೈಟು ನನ್ನ ಮುಖದ ಮೇಲೆ ಬಿತ್ತು. ನಾನು ಕೈ ಮುಗಿದೆ.

ಹಾರ ಹಿಡ್ಕೊಂಡಿದ್ದ ರೈಸ್‌ಮಿಲ್ಲಿನ ಸಾಹುಕಾರರು ನನ್ನ ಬೆನ್ನ ಹಿಂದೆ ಬಗ್ಗಿ ನೋಡಿ, "ಎಲ್ಲಪ್ಪಾ ಅವ್ರು?" ಅಂತ ನನ್ನನ್ನೇ ಕೇಳಿದ್ರು.

"ನಾನೇ ಸ್ವಾಮಿ."

"ತಮಾಷೆ ಆಮೇಲೆ. ಅವ್ರನ್ನ ಕರಿ."

ಕೆಳಗಿನಿಂದ ಶಿಳ್ಳೆ ಶುರುವಾಯ್ತು. "ಯಾವನ್ಲಾ ಅವ್ನು? ಮಂಗಳನ್ನ ಕರೀರ್ಲಾ!" ನನಗೆ ಅಳುವೇ ಬಂತು. ಎದೆ ಗಟ್ಟಿ ಮಾಡಿಕೊಂಡು ಮಹಾರಾಜನ ಸಾಯೋ ಹಾಡನ್ನ ಎತ್ತಿಕೊಂಡೆ, ಇನ್ನಾದ್ರೂ ನಂಬಲಿ ಅಂತ. ಮುಂದೆ ಕೂತಿದ್ದ ಒಬ್ಬ ಪಕ್ಕದವನಿಗೆ ಹೇಳಿದ: "ಪರವಾಗಿಲ್ಲ ಬುಡು. ಅವ್ನ ಥರಾನೇ ಹಾಡೋದು ಕಲ್ತವ್ನೆ."

ಯಜಮಾನರು ಇನ್ನು ಕಾಯಲಿಲ್ಲ. ಒಳಗೆ ಓಡಿಹೋಗಿ ಡಬ್ಬ ತಂದು ಕುರ್ಚಿ ಮೇಲೆ ಇಟ್ಟರು. ಟೆಂಟು ಹಾರಿಹೋಗೋ ಹಂಗೆ ಚಪ್ಪಾಳೆ! ಸಾಹುಕಾರರು ಡಬ್ಬಕ್ಕೆ ಹಾರ ಹಾಕಿ, ಶಾಲು ಹೊದಿಸಿ, ನಮಸ್ಕಾರ ಮಾಡಿದ್ರು. ಹಾರದ ಭಾರಕ್ಕೆ ಡಬ್ಬ ವಾಲಿತು. "ಹಿಡ್ಕೊಳೋ, ಬೀಳುತ್ತೆ!" ಅಂದ್ರು ಯಜಮಾನರು. ಹಿಡ್ಕೊಂಡೆ. ಇನ್ನೇನು ಮಾಡಲಿ?

ಫೋಟೋದವನು ಕರೀಬಟ್ಟೆಯೊಳಗಿನಿಂದ ಕೂಗಿದ: "ಆ ಹಿಡ್ಕೊಂಡಿರೋರು ಸ್ವಲ್ಪ ಮೇಲಕ್ಕೆತ್ತಿ... ಇನ್ನೂ ಸ್ವಲ್ಪ... ಹಾಂ, ಈಗ ಚೆನ್ನಾಗಿದೆ." ಡಬ್ಬ ನನ್ನ ಮುಖಕ್ಕೆ ಸರಿಯಾಗಿ ಎದುರಿಗೆ ಬಂದಿತ್ತು.

ಆ ಫೋಟೋ ಈಗಲೂ ನಮ್ಮ ಮನೆ ಗೋಡೇಲಿದೆ. ಬಂದೋರೆಲ್ಲ, "ಇದರಲ್ಲಿ ನೀವೆಲ್ಲಿ?" ಅಂತ ಕೇಳ್ತಾರೆ. "ಆ ಡಬ್ಬ ಹಿಡ್ಕೊಂಡಿರೋ ಕೈ ಇದೆಯಲ್ಲ, ಅದು ನಂದು" ಅಂತೀನಿ. ಮೊನ್ನೆ ಕುಣಿಗಲ್ ಕಡೆಯವರೊಬ್ಬರು ಅದನ್ನ ಕೇಳಿದ್ದೇ ತಡ, ಎದ್ದು ಬಂದು ನನ್ನ ಎರಡೂ ಕೈ ಹಿಡ್ಕೊಂಡ್ರು. ಅವರ ಕಣ್ಣಲ್ಲಿ ನೀರು.

"ಪುಣ್ಯವಂತರು ಸ್ವಾಮಿ ನೀವು! ಮಂಗಳ ಮಹಾರಾಜರನ್ನ ಅಷ್ಟು ಹತ್ತಿರದಿಂದ ನೋಡಿದ್ದೀರ!"