ಹಡಗಲ್ಯಾಗ ಅಲ್ಲ, ಹಡಗಿನ್ಯಾಗ!

ನಮ್ಮ ಕಾಕನಿಗೆ ನೆಲ ಒಗ್ಗುವುದಿಲ್ಲ! ನಗಬೇಡಿ. ಧೂಳು ಒಗ್ಗದವರಿದ್ದಾರೆ, ಬದನೆಕಾಯಿ ಒಗ್ಗದವರಿದ್ದಾರೆ, ಹೆಂಡತಿಯ ತವರಿನವರು ಒಗ್ಗದವರಂತೂ ಓಣಿಗೊಬ್ಬರಿದ್ದಾರೆ. ನಮ್ಮ ಕಾಕನಿಗೆ, ಅಂದರೆ ನಮ್ಮಪ್ಪನ ಕಿರಿಯ ತಮ್ಮನಿಗೆ, ನೆಲವೇ ಒಗ್ಗದು. ಅವನಿದ್ದದ್ದು ಪ್ರವಾಸಿಗರನ್ನು ಕರೆದೊಯ್ಯುವ ದೊಡ್ಡ ಹಡಗಿನ ಕೆಲಸದಲ್ಲಿ. ತಿಂಗಳುಗಟ್ಟಲೆ ಸಮುದ್ರದ ಮೇಲೆ ತೇಲಿ, ರಜೆಗೆಂದು ಕೂಡ್ಲಿಗಿಯ ನಮ್ಮ ಮನೆಗೆ ಬಂದನೆಂದರೆ ಮೊದಲ ವಾರವೆಲ್ಲ ಕಂಬ ಹಿಡಿದುಕೊಂಡೇ ಓಡಾಟ.

"ಏನಲೇ, ಕುಡುದು ಬಂದೀಯೇನು?" ಎಂದು ಅಜ್ಜ ಗದರಿದರೆ, "ಇಲ್ಲಪ್ಪಾ, ಮನಿ ಅಳ್ಳಾಡವಲ್ದು. ಅದಕ್ಕ ತಲಿ ತಿರುಗಾಕ ಹತ್ತೈತಿ" ಎನ್ನುತ್ತಿದ್ದ!

ಇದಕ್ಕೆ ಅವನೇ ಕಂಡುಕೊಂಡ ಮದ್ದೊಂದಿತ್ತು. ಕೊಟ್ಟೂರಿಗೆ ಹೋಗಿ ಹರಪನಹಳ್ಳಿ ಬಸ್ಸಿನ ಕೊನೆಯ ಸೀಟು ಹಿಡಿಯುವುದು. ಆಗಿನ ಆ ರಸ್ತೆಯ ಗುಂಡಿಗಳ ಬಗ್ಗೆ ನಾನು ಹೇಳಬೇಕೆ? ಬಸ್ಸಿನವರೆಲ್ಲ ತಲೆಗೆ ಪೆಟ್ಟು ತಿಂದು ದೇವರನ್ನು ಕೂಗುತ್ತಿದ್ದರೆ ಕಾಕ ಮಾತ್ರ ಗೊರಕೆ ಹೊಡೆಯುತ್ತಿದ್ದ. ಹರಪನಹಳ್ಳಿಯಲ್ಲಿ ಚಹಾ ಕುಡಿದು ಅದೇ ಬಸ್ಸಿಗೆ ವಾಪಸು ಬರುತ್ತಿದ್ದ.

ಸಮುದ್ರವೆಲ್ಲಿ, ಕೂಡ್ಲಿಗಿಯೆಲ್ಲಿ? ಹಗರಿಬೊಮ್ಮನಹಳ್ಳಿಯ ಖಾನಾವಳಿಯೊಂದರಲ್ಲಿ ನೀರು ಕೊಡಲು ಸೇರಿದವನು ಹೊಸಪೇಟೆಯ ಲಾಡ್ಜಿಗೆ ಹೋದ, ಅಲ್ಲಿಂದ ಗೋವಾಕ್ಕೆ ಜಿಗಿದ, ಗೋವಾದಿಂದ ಸೀದಾ ಹಡಗು ಹತ್ತಿಬಿಟ್ಟ. ಅಲ್ಲೇನು ಕೆಲಸ ಎಂದು ಯಾರಾದರೂ ಕೇಳಿದರೆ, "ರೂಮುಗಳೆಲ್ಲಾ ನನ್ನ ಕೈಯಾಗ ಅದಾವ್ರಿ" ಎನ್ನುತ್ತಿದ್ದ. ಓಣಿಯವರು ಅವನನ್ನು ದೊಡ್ಡ ಸಾಹೇಬನೆಂದೇ ತಿಳಿದಿದ್ದರು. ನಿಜ ಹೇಳಬೇಕೆಂದರೆ ನಾವೂ ಹಾಗೇ ತಿಳಿದಿದ್ದೆವು.

ಹಡಗಿನ ಚಟಗಳೆಲ್ಲ ಅವನ ಸೂಟ್‌ಕೇಸಿನ ಜೊತೆಗೇ ಮನೆಗೆ ಬರುತ್ತಿದ್ದವು. ಅಲ್ಲಿ ಪ್ರವಾಸಿಗರನ್ನು ಖುಷಿಪಡಿಸಲು ಟವೆಲ್ಲುಗಳನ್ನು ಮಡಚಿ ಹಂಸ, ಮೊಲ, ಮಂಗ ಎಲ್ಲ ಮಾಡಿ ಮಂಚದ ಮೇಲಿಡುತ್ತಾರಂತೆ. ಒಂದು ಬೆಳಿಗ್ಗೆ ಅಜ್ಜ ಸ್ನಾನಕ್ಕೆ ಇಳಿಯುವ ಮೊದಲೇ ಕಾಕ ಅಜ್ಜನ ಟವೆಲ್ಲಿನಿಂದ ಸೊಂಡಿಲು, ಕಿವಿ ಎಲ್ಲ ಇರುವ ಆನೆ ಮಾಡಿ ಬಚ್ಚಲ ಕಟ್ಟೆಯ ಮೇಲೆ ಕೂರಿಸಿ ಹೋದ. ಎಷ್ಟು ಹೊತ್ತಾದರೂ ಅಜ್ಜ ಹೊರಗೆ ಬರಲಿಲ್ಲ. ಅಪ್ಪ ಗಾಬರಿಯಿಂದ ಬಾಗಿಲು ತಳ್ಳಿದ. ಒಳಗೆ ಅಜ್ಜ ನೀರು ಸೋರಿಸುತ್ತ, ಚಳಿಗೆ ಗಡಗಡ ನಡುಗುತ್ತ, ಆನೆಯ ಹಣೆಗೆ ವಿಭೂತಿ ಹಚ್ಚಿ ಕೈಮುಗಿದು ನಿಂತಿದ್ದ!

"ಮೈ ಒರೆಸ್ಕೊಂಡು ಬಾರಪ್ಪಾ" ಎಂದ ಅಪ್ಪ.

"ಗಣಪ್ಪನ್ನ ಬಿಚ್ಚಿ ಮೈ ಒರೆಸ್ಕೊಂಡ್ರ ನನ್ನ ಗತಿ ಏನಾಗಬೇಕಲೇ? ಮೊದ್ಲು ಒರೆಸ್ಕೊಳ್ಳಾಕ ಒಂದು ಪಂಜಿ ಕೊಡು!"

ಆ ಟವೆಲ್ಲು ವಾರಗಟ್ಟಲೆ ದೇವರ ಜಗಲಿಯ ಮೇಲೆ ಕೂತು ಹೂವು ಏರಿಸಿಕೊಂಡಿತು. ಅಜ್ಜ ಹೊಸ ಟವೆಲ್ಲು ಕೊಂಡ.

ಇನ್ನೊಂದು ಸಲ, ಕಡು ಬೇಸಿಗೆಯಲ್ಲಿ, ಹಡಗು ಮುಳುಗಿದರೆ ಜೀವ ಉಳಿಸಿಕೊಳ್ಳುವುದು ಹೇಗೆಂದು ನಮಗೆಲ್ಲ ಕಲಿಸಲು ಹೊರಟ. ಸೀಟಿ ಊದಿದ ಕೂಡಲೇ ಎದೆಗೆ ದಿಂಬು ಕಟ್ಟಿಕೊಂಡು ಮಾಳಿಗೆಯ ಮೇಲೆ ಸಾಲಾಗಿ ನಿಲ್ಲಬೇಕು. ನಿಂತೆವು. ಅವ್ವನ ಕೈಯಲ್ಲಿ ಹಿಟ್ಟು ಹಾಗೇ ಇತ್ತು. ಕೊಡ ಹೊತ್ತು ಬೋರಿನ ಸಾಲಿಗೆ ಹೊರಟಿದ್ದ ಎದುರುಮನೆಯ ಅಜ್ಜಿ ನಿಂತು, "ಏನಾತ್ರವಾ?" ಎಂದಳು.

"ಹಡಗು ಮುಳುಗಾಕ ಹತ್ತೈತೆವ್ವಾ!" ಎಂದು ಕಾಕ ಮೇಲಿಂದ ಕೂಗಿದ.

"ನಿನ್ನ ಬಾಯಿಗೆ ಮಣ್ಣು ಹಾಕ, ಮುಳುಗುವಷ್ಟು ನೀರು ಎಲ್ಲಿ ಸಿಕ್ತೋ? ಆ ಜಾಗ ತೋರ್ಸು, ಒಂದು ಕೊಡ ತುಂಬ್ಕೊಂತೀನಿ!"

ಹೀಗೆ ಊರನ್ನೆಲ್ಲ ನಗಿಸುವವನಿಗೆ ಒಂದೇ ಕೊರಗು. ವಯಸ್ಸು ಮೂವತ್ತು ದಾಟಿತ್ತು, ಹೆಣ್ಣು ಸಿಕ್ಕಿರಲಿಲ್ಲ. ನೀರಿನ ಮೇಲೆ ಬಾಳುವವನಿಗೆ ಮಗಳನ್ನು ಕೊಡುವವರು ಯಾರು? ಹೊಳೆ ದಂಡೆಯ ಹಲವಾಗಲು ಊರಿನವರಾದರೂ ಒಪ್ಪಿಯಾರೆಂದು ಹೋದರೆ, "ನೀರಿನ ಸಹವಾಸ ನಮಗ ಗೊತ್ತೈತ್ರಿ, ಅದಕ್ಕ ಬ್ಯಾಡ" ಎಂದು ಕೈಮುಗಿದರು. ಒಂದೊಂದು ಮನೆಯಿಂದ ಬಂದಾಗಲೂ ಕಾಕ ಒಂದು ಹೊಸ ಜೋಕು ಹೇಳುತ್ತಿದ್ದ. ಅವನು ನಗುತ್ತಿದ್ದುದನ್ನು ನೋಡಿ ನನಗೆ ಸಂಕಟವಾಗುತ್ತಿತ್ತು.

ಕೊನೆಗೆ ಕೊಟ್ಟೂರಿನ ಒಂದು ಸಂಬಂಧ ಬಂತು. ಹುಡುಗಿ ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದಳು, ಮಾತು ಕಡಿಮೆ. ಅವಳನ್ನು ನೋಡಿದ್ದೇ ತಡ, ಕಾಕನ ಬಾಯಿ ಕಟ್ಟಿತು. ಸದ್ಯ, ಹುಡುಗಿಯ ಅಪ್ಪನೇ ಮಾತಿಗೆಳೆದ.

"ನೀವಿರೋ ಕಡೆ ನೀರಿಂದು ಹೆಂಗ್ರಿ?"

"ನೀರಿಗೇನ್ರಿ, ಎತ್ತಾಗ ನೋಡಿದ್ರೂ ನೀರ!"

"ಹೌದೌದು, ಹೊಳಿ ಹತ್ರ ಐತಲ್ಲ. ಜಾಗ ದೊಡ್ಡದೇನ್ರಿ?"

"ಹನ್ನೊಂದು ಅಂತಸ್ತು ಐತ್ರಿ. ಮ್ಯಾಲೆ ಈಜಾಡಾಕ ಕೊಳ. ಸಾವಿರಾರು ಮಂದಿ ಕೂಡೇ ಉಣ್ತಾರ."

"ಅಬಬಬಾ! ನಾನು ಆ ಕಡೆ ಹೋಗಿ ಭಾಳ ದಿನ ಆತು ನೋಡ್ರಿ. ಇಷ್ಟು ಸುಧಾರಿಸ್ಯೈತಿ ಅಂತ ಗೊತ್ತಿರಲಿಲ್ಲ!"

ಆ ಮಾತಿನ ಮರ್ಮ ನಮಗ್ಯಾರಿಗೂ ಹೊಳೆಯಲಿಲ್ಲ. ಸಂಬಂಧ ತಂದವನು ಬಾಯಿ ತುಂಬ ಎಲೆ-ಅಡಿಕೆ ಇಟ್ಟುಕೊಂಡು "ಹುಡುಗ ಹಡಗಿನ್ಯಾಗ ಅದಾನ" ಎಂದಿದ್ದನಂತೆ. ಕೊಟ್ಟೂರಿನ ಆ ಯಜಮಾನ ಹಡಗು ಎಲ್ಲಿ ಕಂಡಿದ್ದ? ದಿನಕ್ಕೆ ಎಷ್ಟೋ ಸಲ ಮನೆ ಮುಂದೆ ಹಾಯುವ, ಹತ್ತಿರದ ಹಡಗಲಿ ಊರಿನ ಬಸ್ಸು ಕಂಡಿದ್ದ. "ಹಡಗಲ್ಯಾಗ ಅದಾನ" ಎಂದು ಕೇಳಿಸಿಕೊಂಡ. ಮಗಳು ಬಸ್ಸು ಹತ್ತಿದರೆ ತವರು ಎಂದು ಕುಣಿದಾಡಿ ಒಪ್ಪಿಕೊಂಡ.

ಒಪ್ಪಿಕೊಂಡವನು ಸುಮ್ಮನಿದ್ದನೇ? ಅಳಿಯನ ಹನ್ನೊಂದು ಅಂತಸ್ತಿನ ಲಾಡ್ಜು ನೋಡಿಬರಲು ಹಡಗಲಿಗೇ ಹೋದ! ಮರುದಿನವೇ ನಮಗೆ ಲಗ್ನ ರದ್ದೆಂದು ಸುದ್ದಿ ಬಂತು. ಅಜ್ಜ, ಅಪ್ಪ, ಕಾಕ, ನಾನು ಬಿದ್ದೆದ್ದು ಕೊಟ್ಟೂರಿಗೆ ಓಡಿದೆವು. ಹುಡುಗಿಯ ಅಪ್ಪ ಕೂಡ್ರಿ ಎನ್ನಲಿಲ್ಲ, ನೀರೂ ಕೊಡಲಿಲ್ಲ.

"ಹಡಗಲಿ ಬಸ್‌ಸ್ಟ್ಯಾಂಡಿನ್ಯಾಗ ಕಂಡಕಂಡವರನ್ನ ಕೇಳೀನ್ರಿ. 'ಯಜಮಾನ್ರ, ಅಂಥಾ ಲಾಡ್ಜು ಇದ್ರ ನಾವ್ಯಾಕ ಈ ಕಲ್ಲಿನ ಮ್ಯಾಲೆ ಕುಂದ್ರತಿದ್ವಿ?' ಅಂತ ಹೊಟ್ಟಿ ಹಿಡ್ಕೊಂಡು ನಕ್ಕರು. ನನ್ನ ಮಾನ ಹೋತು!"

ನನಗೆ ನಗು ಉಕ್ಕಿ ಬಂತು. ಆದರೆ ಕಾಕನ ಮುಖ ನೋಡಿ ನುಂಗಿಕೊಂಡೆ. ಅಜ್ಜ ತಡವರಿಸುತ್ತ, ಹಡಗಲಿ ಅಲ್ಲ, ಹಡಗು ಎಂದು ಬಿಡಿಸಿ ಹೇಳಿದ. ಅದರಿಂದ ಮಾತು ಇನ್ನೂ ಕೆಟ್ಟಿತು.

"ಹಡಗು? ನೀರಿನ ಮ್ಯಾಲಿಂದು? ಹೋಗ್ಲಿ, ಅದ್ರಾಗ ಆಫೀಸರೇನು?"

ನಾವೆಲ್ಲ ಕಾಕನ ಕಡೆ ನೋಡಿದೆವು. ಹೌದೆಂದುಬಿಡಲಿ ದೇವರೇ ಎಂದುಕೊಂಡೆ.

"ಅಲ್ರಿ," ಎಂದ ಕಾಕ. "ರೂಮಿನ ಕಸ ಹೊಡೀತೀನಿ, ಹಾಸಿಗಿ ಹಾಸ್ತೀನಿ. ಸಂಡಾಸೂ ತೊಳೀತೀನಿ. ಸುಳ್ಳು ಹೇಳಿ ನಿಮ್ಮ ಮಗಳನ್ನ ಕರ್ಕೊಂಡು ಹೋಗಂಗಿಲ್ರಿ."

ಅಜ್ಜ ಮಗನನ್ನು ಮೊದಲ ಸಲ ನೋಡಿದವನಂತೆ ನೋಡಿದ. ಹುಡುಗಿಯ ಅಪ್ಪ ಬಾಗಿಲ ಕಡೆ ಕೈತೋರಿಸಿದ. ನಾವು ಚಪ್ಪಲಿ ಹುಡುಕತೊಡಗಿದೆವು. ಆಗ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹುಡುಗಿ ಸೀದಾ ಕಾಕನನ್ನೇ ಕೇಳಿದಳು.

"ಅಲ್ಲಿ ನಿಮಗ ಊಟಕ್ಕ ಯಾರು ಹಾಕ್ತಾರ್ರಿ?"

ಹಡಗು ಎಷ್ಟು ಉದ್ದ, ಬಿಳಿಯರು ಏನು ತಿಂತಾರೆ, ನನಗೇನು ತಂದಿದ್ದೀ? ಇಷ್ಟು ವರ್ಷ ನಾವು ಕೇಳಿದ್ದು ಇಷ್ಟೇ. ಇದನ್ನು ಅಜ್ಜ ಕೇಳಿರಲಿಲ್ಲ, ಅಪ್ಪ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

"ಯಾರೂ ಹಾಕಂಗಿಲ್ರಿ," ಎಂದ ಕಾಕ. "ನಾವ ಹಾಕ್ಕೊಂಡು ನಿಂತಲ್ಲೇ ಉಣ್ತೀವಿ. ನಡುವ ಯಾರರ ಬೆಲ್ ಹೊಡದ್ರ ತಾಟು ಬಿಟ್ಟು ಓಡತೀವಿ."

ಅವಳು ಒಳಗೆ ಹೋದಳು. ಮುಗಿಯಿತು ಎಂದುಕೊಂಡೆವು. ಅಷ್ಟರಲ್ಲಿ ಒಂದು ಕೈಯಲ್ಲಿ ಮಣೆ, ಇನ್ನೊಂದರಲ್ಲಿ ರೊಟ್ಟಿ, ಹೆಸರುಕಾಳು ಪಲ್ಯ, ಶೇಂಗಾ ಚಟ್ನಿ ಹಾಕಿದ ತಾಟು ಹಿಡಿದು ಹೊರಗೆ ಬಂದಳು. ಮಣೆ ಹಾಕಿ ಅದರ ಮುಂದೆ ತಾಟಿಟ್ಟಳು.

"ಕುಂದರ್ರಿ. ಸಾವಕಾಶ ಉಣ್ರಿ. ಇಲ್ಲಿ ಯಾರೂ ಬೆಲ್ ಹೊಡಿಯಂಗಿಲ್ಲ."

ಅವಳಪ್ಪ ಏನೋ ಹೇಳಲು ಬಾಯಿ ತೆರೆದ. ಮಗಳ ಮುಖ ನೋಡಿದ. "ಉಳಿದವರಿಗೂ ಹಾಕವಾ" ಎಂದು ಗೊಣಗಿ ತಾನೂ ನೆಲದ ಮೇಲೆ ಕೂತ.

ಕಾಕ ರೊಟ್ಟಿ ಮುರಿದ. ತುತ್ತು ಬಾಯಿಗೆ ಹೋಗಲಿಲ್ಲ. ನಮ್ಮೂರನ್ನೆಲ್ಲ ನಗಿಸುತ್ತಿದ್ದ ಮನುಷ್ಯ ಅಷ್ಟು ಜನರೆದುರು ತಾಟಿನ ಮೇಲೆ ಬಗ್ಗಿ ಅತ್ತುಬಿಟ್ಟ. ಮಣೆ ಹಾಕಿದ ನಮ್ಮ ಚಿಕ್ಕವ್ವ ಅಳಬೇಡಿ ಎನ್ನಲಿಲ್ಲ. ಅವನು ಉಂಡು ಮುಗಿಸುವವರೆಗೂ ಎದುರಿಗೇ ಕೂತಿದ್ದಳು.